ಕಾಫಿ ಬೆಲೆ ಲಂಡನ್‌ನಲ್ಲಿ ಯಾಕೆ ತೀರ್ಮಾನವಾಗುತ್ತದೆ? ಜಾಗತೀಕರಣ ಬೆಳೆದು ಬಂದ ದಾರಿ

ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ ಕಡೆಯ ಕಾಫಿ ಬೆಳೆಗಾರರು ಕೊಯ್ಲು ಮುಗಿದ ಮೇಲೆ ದಿನಾ ಎರಡು ಊರಿನ ರೇಟು ನೋಡುತ್ತಾರೆ. ಕಾಫಿಯ ಎರಡು ಮುಖ್ಯ ಜಾತಿಗಳಲ್ಲಿ ರೊಬಸ್ಟಾಕ್ಕೆ ಲಂಡನ್, ಅರೇಬಿಕಾಕ್ಕೆ ನ್ಯೂಯಾರ್ಕ್. ಆ ಎರಡೂ ಊರಿನ ಸುತ್ತಮುತ್ತ ಎಲ್ಲೂ ಕಾಫಿ ತೋಟ ಇಲ್ಲ. ಆದರೂ ಚೆರ್ರಿ (ಒಣಗಿಸಿದ ಕಾಫಿ ಹಣ್ಣು) ಚೀಲವನ್ನು ಇವತ್ತೇ ಕೊಡಬೇಕೋ, ಇನ್ನೊಂದು ತಿಂಗಳು ಗೋದಾಮಿನಲ್ಲಿ ಇಟ್ಟುಕೊಳ್ಳಬೇಕೋ ಅನ್ನುವುದನ್ನು ಅಲ್ಲಿನ ಅಂಕಿ ನೋಡಿಯೇ ತೀರ್ಮಾನಿಸಬೇಕು. ಬ್ರೆಜಿಲ್‌ನಲ್ಲಿ ಹಿಮ ಬಿದ್ದರೆ ಮಲೆನಾಡಿನಲ್ಲಿ ಬೆಲೆ ಏರುತ್ತದೆ. ವಿಯೆಟ್ನಾಂನಲ್ಲಿ ಬೆಳೆ ಚೆನ್ನಾಗಿ ಬಂದರೆ ಇಲ್ಲಿ ಇಳಿಯುತ್ತದೆ.

ಆರ್ಥಿಕ ಜಾಗತೀಕರಣ ಅಂದರೆ ಮುಖ್ಯವಾಗಿ ಇದೇ. ಸರಕು, ದುಡ್ಡು, ಕೆಲಸ, ಮಾಹಿತಿ ಎಲ್ಲವೂ ಗಡಿ ದಾಟಿ ಓಡಾಡುತ್ತವೆ. ಒಂದು ಕಡೆಯ ಬೆಲೆ ಇನ್ನೊಂದು ಕಡೆಯ ಬೆಲೆಯನ್ನು ಎಳೆಯುತ್ತದೆ. 1970ರ ಸುಮಾರಿಗೆ ಎಲ್ಲ ದೇಶಗಳ ರಫ್ತು, ಆಮದು ಕೂಡಿಸಿದರೆ ಅದು ಜಗತ್ತಿನ ಒಟ್ಟು ಉತ್ಪನ್ನದ ಕಾಲು ಭಾಗದಷ್ಟಿತ್ತು. 2008ರ ಹೊತ್ತಿಗೆ ಸುಮಾರು ಶೇ 60ಕ್ಕೆ ಬಂತು. ನಾಲ್ಕೇ ದಶಕದಲ್ಲಿ ಇಷ್ಟು ಬೆಳೆದದ್ದು ಹೇಗೆ?

‘ಟೆಕ್ನಾಲಜಿ ಬಂತು, ಪ್ರಪಂಚ ಚಿಕ್ಕದಾಯಿತು’ ಅನ್ನುವುದು ನಾವೆಲ್ಲ ಕೇಳಿರುವ ಉತ್ತರ. ಅದು ಅರ್ಧ ನಿಜ. ಹಡಗು, ತಂತಿ, ಕಂಟೇನರ್ ಎಲ್ಲ ಸೇರಿ ದೂರವನ್ನು ಅಗ್ಗ ಮಾಡಿದವು. ಆದರೆ ಸರಕು ಒಳಗೆ ಬರಬಹುದು ಅಂತ ಬಾಗಿಲು ತೆರೆದದ್ದು ಸರ್ಕಾರಗಳು. ತೆರೆದವರೇ ಮುಚ್ಚಿದ್ದೂ ಉಂಟು. ನಮ್ಮ ಕಾಫಿಯ ನೂರೈವತ್ತು ವರ್ಷದ ಕಥೆಯಲ್ಲಿ ಇವೆರಡೂ ಸ್ಪಷ್ಟವಾಗಿ ಕಾಣುತ್ತವೆ. ಹಾಗಾಗಿ ಅದನ್ನೇ ಹಿಡಿದುಕೊಂಡು ಹೋಗೋಣ.

ಹಡಗು ಬೇಗ ತಲುಪಿದಾಗ

ಮಂಗಳೂರು ಕಡೆ ‘ಮಾನ್ಸೂನ್ಡ್ ಮಲಬಾರ್’ ಅನ್ನುವ ಕಾಫಿ ತಯಾರಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ, ಮಳೆಗಾಲದ ಗಾಳಿ ಆಡುವ ಗೋದಾಮುಗಳಲ್ಲಿ ಬೀಜವನ್ನು ಹರಡುತ್ತಾರೆ, ಕೈಯಾಡಿಸುತ್ತಾರೆ, ಸಡಿಲವಾಗಿ ಚೀಲಕ್ಕೆ ತುಂಬಿ ಗಾಳಿಗೆ ಬಿಡುತ್ತಾರೆ. ಬೀಜ ತೇವ ಹೀರಿ ಊದಿಕೊಳ್ಳುತ್ತದೆ. ಹಸಿರು ಬಣ್ಣ ಹೋಗಿ ತಿಳಿ ಹಳದಿ ಆಗುತ್ತದೆ, ಹುಳಿ ಕಮ್ಮಿಯಾಗುತ್ತದೆ. ಇಷ್ಟೆಲ್ಲ ಕಷ್ಟ ಯಾಕೆ ಅಂದರೆ, ಹಿಂದೆ ಇದು ತಾನಾಗಿ ಆಗುತ್ತಿತ್ತು. ಹಾಯಿ ಹಡಗು ಆಫ್ರಿಕಾದ ತುದಿ ಸುತ್ತಿ ಯುರೋಪ್ ಸೇರಲು ತಿಂಗಳುಗಟ್ಟಲೆ ಬೇಕಿತ್ತು. ಮರದ ಹಡಗಿನ ಒಳಗೆ ಸಮುದ್ರದ ತೇವದಲ್ಲಿ ಬೀಜ ಬದಲಾಗುತ್ತಿತ್ತು. ಯುರೋಪಿನವರಿಗೆ ಆ ರುಚಿಯೇ ಅಭ್ಯಾಸವಾಗಿತ್ತು.

1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು. ಮುಂಬೈನಿಂದ ಲಂಡನ್‌ಗೆ ಸಮುದ್ರದ ದಾರಿ ಸುಮಾರು ಶೇ 40ರಷ್ಟು ಕಮ್ಮಿಯಾಯಿತು. ಅದೇ ಕಾಲಕ್ಕೆ ಉಗಿ ಹಡಗುಗಳು ಹಾಯಿ ಹಡಗಿನ ಜಾಗಕ್ಕೆ ಬಂದವು. ಕಾಫಿ ವಾರಗಳಲ್ಲಿ ತಲುಪತೊಡಗಿತು, ಹಳೆಯ ರುಚಿ ಮಾತ್ರ ಹೋಯಿತು. ಕಳೆದುಹೋದ ಆ ರುಚಿಯನ್ನೇ ಕರಾವಳಿಯ ಗೋದಾಮಿನಲ್ಲಿ ಮತ್ತೆ ಮಾಡತೊಡಗಿದರು. ಸಾಗಣೆಯ ವೇಗ ಬದಲಾದರೆ ಸರಕೇ ಬದಲಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಮರುವರ್ಷ, 1870ರಲ್ಲಿ, ಸಮುದ್ರದ ತಳದ ತಂತಿ ಮುಂಬೈ ಮತ್ತು ಲಂಡನ್ ನಡುವೆ ಟೆಲಿಗ್ರಾಂ ಹೊತ್ತೊಯ್ಯಲು ಶುರು ಮಾಡಿತು. ಅಲ್ಲಿಯವರೆಗೆ ಲಂಡನ್ ಬೆಲೆ ಇಲ್ಲಿಗೆ ಕಾಗದದಲ್ಲಿ ಬರಬೇಕಿತ್ತು, ಬರುವ ಹೊತ್ತಿಗೆ ಆ ಬೆಲೆ ಹಳೆಯದಾಗಿರುತ್ತಿತ್ತು. ಈಗ ಕೆಲವೇ ಗಂಟೆಗಳಲ್ಲಿ ಸುದ್ದಿ ಬಂತು. ಎರಡು ಊರಿನ ಬೆಲೆ ಒಂದರ ಹಿಂದೆ ಒಂದು ನಡೆಯಬೇಕಾದರೆ ಸರಕಿಗಿಂತ ಮೊದಲು ಸುದ್ದಿ ತಲುಪಬೇಕು. ತಂತಿ ಮಾಡಿದ್ದು ಆ ಕೆಲಸ.

1882ರಲ್ಲಿ ನ್ಯೂಯಾರ್ಕ್‌ನಲ್ಲಿ ಕಾಫಿ ವಿನಿಮಯ ಕೇಂದ್ರ ಶುರುವಾಯಿತು. ಅಲ್ಲಿ ಕೊಳ್ಳುವುದು, ಮಾರುವುದು ಕೈಯಲ್ಲಿರುವ ಕಾಫಿಯನ್ನಲ್ಲ. ಮೂರು ತಿಂಗಳೋ ಆರು ತಿಂಗಳೋ ಕಳೆದ ಮೇಲೆ ಇಂಥ ಗುಣಮಟ್ಟದ ಇಷ್ಟು ಕಾಫಿಯನ್ನು ಇಂಥ ಬೆಲೆಗೆ ಕೊಡುತ್ತೇನೆ ಅನ್ನುವ ಮಾತನ್ನು ಅಲ್ಲಿ ಮಾರುತ್ತಾರೆ. ಕಾಫಿ ಹುರಿಯುವ ಕಂಪನಿಗೆ ಮುಂದಿನ ಬೆಲೆ ಈಗಲೇ ಗೊತ್ತಾದರೆ ನಿಶ್ಚಿಂತೆ. ಮಾರುವವನಿಗೂ ಅಷ್ಟೇ. ನಡುವೆ ಕಾಫಿಯನ್ನೇ ಮುಟ್ಟದೆ, ಬೆಲೆಯ ಏರಿಳಿತದಲ್ಲಿ ಲಾಭ ಹುಡುಕುವವರೂ ಇರುತ್ತಾರೆ. ಇಷ್ಟೊಂದು ಜನ ಒಂದೇ ಕಡೆ ಸೇರಿ ಬೆಲೆ ಕಟ್ಟುವುದರಿಂದ ಉಳಿದವರೆಲ್ಲ ಅದನ್ನೇ ಅಳತೆಗೋಲು ಮಾಡಿಕೊಂಡರು. ರೊಬಸ್ಟಾಕ್ಕೆ ಇಂಥದ್ದೇ ಪೇಟೆ ಲಂಡನ್‌ನಲ್ಲಿದೆ. ಇವತ್ತಿಗೂ ನಮ್ಮ ರಫ್ತುದಾರರು ‘ಲಂಡನ್ ಮೇಲೆ ಇಷ್ಟು’ ಅಥವಾ ‘ಲಂಡನ್‌ಗಿಂತ ಇಷ್ಟು ಕೆಳಗೆ’ ಅಂತಲೇ ಮಾತು ಕುದುರಿಸುತ್ತಾರೆ. ಭಾರತದ ರೊಬಸ್ಟಾ ನೆರಳಿನಲ್ಲಿ ಬೆಳೆದದ್ದು, ತೊಳೆದು ಹದ ಮಾಡಿದ್ದು ಒಳ್ಳೆಯದಿದ್ದರೆ ಲಂಡನ್ ಬೆಲೆಯ ಮೇಲೆ ಒಂದಷ್ಟು ಜಾಸ್ತಿ ಸಿಗುತ್ತದೆ. ಆದರೆ ಬುನಾದಿ ಅಂಕಿ ಅಲ್ಲಿಂದಲೇ ಬರಬೇಕು.

ಹೀಗೆ 1914ಕ್ಕೆ ಮೊದಲೇ ಜಗತ್ತು ಚೆನ್ನಾಗಿ ಬೆಸೆದುಕೊಂಡಿತ್ತು. ಜಾಗತೀಕರಣ 1991ರಲ್ಲಿ ಹುಟ್ಟಿತು ಅಂತ ಅಂದುಕೊಂಡವರು ಈ ಭಾಗವನ್ನು ಮರೆತುಬಿಡುತ್ತಾರೆ.

ಮುಚ್ಚಿದ ಬಾಗಿಲು, ಹುಟ್ಟಿದ ಕಾಫಿ ಬೋರ್ಡ್

ಮೊದಲ ಮಹಾಯುದ್ಧ, 1929ರ ಕುಸಿತ, ಆಮೇಲೆ ಒಬ್ಬರ ಮೇಲೊಬ್ಬರು ಹಾಕಿಕೊಂಡ ಸುಂಕ. 1930ರಲ್ಲಿ ಅಮೆರಿಕ ಸ್ಮೂಟ್-ಹಾಲಿ ಕಾಯ್ದೆ ತಂದು ಸಾವಿರಾರು ವಸ್ತುಗಳ ಮೇಲೆ ಆಮದು ಸುಂಕ ಏರಿಸಿತು. ಬೇರೆ ದೇಶಗಳೂ ಸೇಡು ತೀರಿಸಿಕೊಂಡವು. ಹಡಗುಗಳೂ ತಂತಿಗಳೂ ಇದ್ದಲ್ಲೇ ಇದ್ದವು. ಒಂದು ತಂತ್ರಜ್ಞಾನವೂ ಕಾಣೆಯಾಗಲಿಲ್ಲ. ಆದರೂ ವ್ಯಾಪಾರ ಕುಸಿದು ಬಿತ್ತು. ಬ್ರೆಜಿಲ್ ಬೆಲೆ ಉಳಿಸಿಕೊಳ್ಳಲು ಕೋಟಿಗಟ್ಟಲೆ ಚೀಲ ಕಾಫಿಯನ್ನು ಸುಟ್ಟಿತು, ಸಮುದ್ರಕ್ಕೆ ಸುರಿಯಿತು.

ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ನಮ್ಮ ಬೆಳೆಗಾರರಿಗೆ ಮುಚ್ಚಿಹೋಯಿತು. ಆಗ ಬಂದದ್ದು 1942ರ ಕಾಫಿ ಕಾಯ್ದೆ ಮತ್ತು ಈಗಿನ ಕಾಫಿ ಬೋರ್ಡ್. ಬೆಳೆಗಾರರು ಮನೆ ಬಳಕೆಗೆ, ಬಿತ್ತನೆಗೆ ಸ್ವಲ್ಪ ಇಟ್ಟುಕೊಂಡು ಉಳಿದ ಕಾಫಿಯನ್ನೆಲ್ಲ ಬೋರ್ಡಿನ ‘ಪೂಲ್’ಗೆ ಕೊಡಬೇಕಿತ್ತು. ಬೋರ್ಡ್ ಅದನ್ನು ಹರಾಜಿನಲ್ಲಿ ಮಾರಿ, ಹಣವನ್ನು ಕಂತು ಕಂತಾಗಿ ಹಂಚುತ್ತಿತ್ತು. ಕೊನೆಯ ಕಂತಿಗೆ ಬೆಳೆಗಾರರು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷ ದಾಟಿಯೂ ಕಾಯುತ್ತಿದ್ದರು. ದುಡ್ಡು ತಡವಾಗುತ್ತಿತ್ತು, ಹೌದು. ಆದರೆ ಬ್ರೆಜಿಲ್‌ನ ಹವಾಮಾನ ಯಾರ ನಿದ್ದೆಯನ್ನೂ ಕೆಡಿಸುತ್ತಿರಲಿಲ್ಲ. ಮಲೆನಾಡಿನ ಹಿರಿಯ ಬೆಳೆಗಾರರಲ್ಲಿ ಪೂಲ್ ಕಾಲವನ್ನು ಬೈಯುವವರೂ ಇದ್ದಾರೆ, ನೆನೆಸಿಕೊಳ್ಳುವವರೂ ಇದ್ದಾರೆ. ಇಬ್ಬರ ಮಾತಿನಲ್ಲೂ ಸತ್ಯ ಇದೆ.

ಸುಂಕ ಇಳಿಸುವ ಒಪ್ಪಂದಗಳು

ಯುದ್ಧ ಮುಗಿಯುವ ಮೊದಲೇ, 1944ರಲ್ಲಿ, ಅಮೆರಿಕದ ಬ್ರೆಟನ್ ವುಡ್ಸ್‌ನಲ್ಲಿ 44 ದೇಶಗಳು ಸೇರಿ ಹಣಕಾಸಿನ ಹೊಸ ವ್ಯವಸ್ಥೆ ಮಾಡಿಕೊಂಡವು. 1947ರಲ್ಲಿ ಜಿನೀವಾದಲ್ಲಿ 23 ದೇಶಗಳು ‘ಗ್ಯಾಟ್’ ಅನ್ನುವ ಸುಂಕ, ವ್ಯಾಪಾರದ ಒಪ್ಪಂದಕ್ಕೆ ಸಹಿ ಹಾಕಿದವು. ಆಗಷ್ಟೇ ಸ್ವತಂತ್ರವಾಗಿದ್ದ ಭಾರತವೂ ಅದರಲ್ಲಿತ್ತು.

ಗ್ಯಾಟ್‌ನ ಮುಖ್ಯ ನಿಯಮ ಸರಳ. ನೀನು ಒಂದು ಸದಸ್ಯ ದೇಶಕ್ಕೆ ಸುಂಕ ಇಳಿಸಿದರೆ ಉಳಿದ ಸದಸ್ಯರಿಗೂ ಅಷ್ಟೇ ಇಳಿಸಬೇಕು. ಹಾಗಾಗಿ ಇಬ್ಬರು ಕೂತು ಮಾಡಿಕೊಂಡ ರಿಯಾಯಿತಿ ಎಲ್ಲರಿಗೂ ಸಿಕ್ಕಿತು. ಒಂದು ಸುತ್ತು ಮುಗಿದ ಮೇಲೆ ಇನ್ನೊಂದು ಸುತ್ತು ಮಾತುಕತೆ ನಡೆಯಿತು. ಕಾರ್ಖಾನೆ ವಸ್ತುಗಳ ಸುಂಕ ಮೆಟ್ಟಿಲು ಮೆಟ್ಟಿಲಾಗಿ ಇಳಿಯಿತು. ಕೃಷಿಯನ್ನು ಮಾತ್ರ ದೊಡ್ಡ ದೇಶಗಳು ಬಹಳ ಕಾಲ ಹೊರಗೇ ಇಟ್ಟವು. 1986ರಿಂದ 1994ರವರೆಗೆ ನಡೆದ ಉರುಗ್ವೆ ಸುತ್ತಿನಲ್ಲಿ ಕೃಷಿ, ಸೇವೆ, ಪೇಟೆಂಟ್ ಎಲ್ಲ ಒಳಗೆ ಬಂದವು. 1995ರ ಜನವರಿ 1ರಂದು ವಿಶ್ವ ವ್ಯಾಪಾರ ಸಂಸ್ಥೆ ಶುರುವಾಯಿತು. 2001ರ ಡಿಸೆಂಬರ್‌ನಲ್ಲಿ ಚೀನಾ ಅದರ ಸದಸ್ಯವಾಯಿತು. ಆಮೇಲಿನ ವರ್ಷಗಳಲ್ಲಿ ಚೀನಾದ ಉಕ್ಕಿನ ಕುಲುಮೆಗಳಿಗೆ ಬೇಕಾದ ಅದಿರು ಬಳ್ಳಾರಿಯ ಬೆಟ್ಟಗಳಿಂದಲೂ ಹೋಯಿತು. ಲಾರಿಗಳ ಸಾಲು, ಕೆಂಪು ಧೂಳು, ಬೇಲೆಕೇರಿ ಬಂದರು, ಕೊನೆಗೆ 2011ರಲ್ಲಿ ಸುಪ್ರೀಂ ಕೋರ್ಟ್ ಆದೇಶ. ಇದನ್ನೆಲ್ಲ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಭಾರತದ ಬಾಗಿಲು ತೆರೆದದ್ದು ಕಷ್ಟದ ಗಳಿಗೆಯಲ್ಲಿ. 1991ರಲ್ಲಿ ವಿದೇಶಿ ವಿನಿಮಯ ಕೆಲವೇ ವಾರಗಳ ಆಮದಿಗೆ ಸಾಲುವಷ್ಟಿತ್ತು. ಚಿನ್ನ ಅಡವಿಟ್ಟು, ಜುಲೈನಲ್ಲಿ ರೂಪಾಯಿ ಬೆಲೆ ಇಳಿಸಿ, ಆ ತಿಂಗಳ 24ರಂದು ಮನಮೋಹನ್ ಸಿಂಗ್ ಬಜೆಟ್ ಮಂಡಿಸಿದರು. ಅದಕ್ಕೆ ಮೊದಲು ಕೆಲವು ವಸ್ತುಗಳ ಮೇಲೆ ಆಮದು ಸುಂಕ ಶೇ 300 ದಾಟಿತ್ತು. ಆ ಬಜೆಟ್‌ನಲ್ಲಿ ಗರಿಷ್ಠ ಮಿತಿಯನ್ನು ಶೇ 150ಕ್ಕೆ ತಂದರು. ಮುಂದಿನ ಬಜೆಟ್‌ಗಳಲ್ಲಿ ಅದು ಇನ್ನೂ ಇಳಿಯುತ್ತಾ ಹೋಯಿತು.

ಸುಂಕದ ಒಂದು ಅಂಕಿ ಬದಲಾದರೆ ಏನಾಗುತ್ತದೆ ಅಂತ ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಲ್ಲಿ ಕೇಳಬೇಕು. 2011ರ ಕೇಂದ್ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಶೇ 5ಕ್ಕೆ ಇಳಿಯಿತು. ಚೀನಾದ ನೂಲು ಅಗ್ಗವಾಯಿತು, ನೇಕಾರರಿಗೆ ಅನುಕೂಲವಾಯಿತು. ಗೂಡಿನ ಬೆಲೆ ಮಾತ್ರ ಬಿದ್ದುಹೋಯಿತು, ಬೆಳೆಗಾರರು ಬೀದಿಗಿಳಿದರು. 2013ರಲ್ಲಿ ಸುಂಕವನ್ನು ಮತ್ತೆ ಶೇ 15ಕ್ಕೆ ಏರಿಸಿದರು. ಹಿಪ್ಪುನೇರಳೆ ತೋಟದಲ್ಲಿ ಏನೂ ಬದಲಾಗಿರಲಿಲ್ಲ. ದೆಹಲಿಯಲ್ಲಿ ಒಂದು ಸಾಲು ಬದಲಾಗಿತ್ತು ಅಷ್ಟೆ.

1989, ಮತ್ತು ವಿಯೆಟ್ನಾಂ

ಕಾಫಿಗೆ ಬಾಗಿಲು ಬೇರೆ ರೀತಿಯಲ್ಲಿ ತೆರೆಯಿತು. 1962ರಲ್ಲಿ ಬೆಳೆಯುವ ದೇಶಗಳೂ ಕುಡಿಯುವ ದೇಶಗಳೂ ಸೇರಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದ ಮಾಡಿಕೊಂಡಿದ್ದವು. ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದು ಅನ್ನುವುದಕ್ಕೆ ಅದರಲ್ಲಿ ಕೋಟಾ ಇತ್ತು. ಬೆಲೆ ಬಿದ್ದರೆ ಕೋಟಾ ಬಿಗಿ, ಏರಿದರೆ ಸಡಿಲ. ಕೊಳ್ಳುವ ಅಮೆರಿಕ ಇದಕ್ಕೆ ಒಪ್ಪಿದ್ದು ಯಾಕೆ? ಕ್ಯೂಬಾದ ಕ್ರಾಂತಿ ಆಗಷ್ಟೇ ನಡೆದಿತ್ತು. ಕಾಫಿ ಬೆಲೆ ಕುಸಿದರೆ ಲ್ಯಾಟಿನ್ ಅಮೆರಿಕದ ಬಡ ರೈತರು ಕಮ್ಯುನಿಸಂ ಕಡೆ ಹೋಗಬಹುದು ಅನ್ನುವ ಹೆದರಿಕೆ ಇತ್ತು. ಶೀತಲ ಸಮರ ತಣ್ಣಗಾಗುತ್ತಾ ಬಂದ ಹಾಗೆ ಆ ಹೆದರಿಕೆಯೂ ಹೋಯಿತು. ಕೋಟಾ ಹಂಚಿಕೆಯಲ್ಲಿ ಬೆಳೆಯುವ ದೇಶಗಳೂ ಒಮ್ಮತಕ್ಕೆ ಬರಲಿಲ್ಲ. 1989ರ ಜುಲೈನಲ್ಲಿ ಕೋಟಾ ಪದ್ಧತಿ ನಿಂತುಹೋಯಿತು. ಕೆಲವೇ ತಿಂಗಳಲ್ಲಿ ಜಗತ್ತಿನ ಕಾಫಿ ಬೆಲೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು.

ನಮಗೆ ಇನ್ನೊಂದು ಪೆಟ್ಟು 1991ರಲ್ಲಿ. ಸೋವಿಯತ್ ಒಕ್ಕೂಟ ನಮ್ಮ ಕಾಫಿಯ ದೊಡ್ಡ ಗಿರಾಕಿಯಾಗಿತ್ತು, ವ್ಯಾಪಾರ ರೂಪಾಯಿಯಲ್ಲೇ ನಡೆಯುತ್ತಿತ್ತು. ಆ ದೇಶವೇ ಇಲ್ಲವಾಯಿತು. ಪೂಲ್ ಪದ್ಧತಿ ಇನ್ನು ನಡೆಯುವ ಹಾಗಿರಲಿಲ್ಲ. 1992ರಿಂದ ಹಂತ ಹಂತವಾಗಿ ಬೆಳೆಗಾರರಿಗೆ ತಮ್ಮ ಕಾಫಿಯನ್ನು ತಾವೇ ಮಾರುವ ಹಕ್ಕು ಸಿಕ್ಕಿತು. 1996ರ ಹೊತ್ತಿಗೆ ಪೂರ್ತಿ ಸ್ವಾತಂತ್ರ್ಯ ಬಂತು. ಅದರ ನಡುವೆಯೇ 1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿತ್ತು, ಕೆಲವೇ ವಾರಗಳಲ್ಲಿ ಬೆಲೆ ಎರಡು ಪಟ್ಟಾಯಿತು. ಆಗಷ್ಟೇ ಮಾರುವ ಹಕ್ಕು ಪಡೆದಿದ್ದ ಬೆಳೆಗಾರರ ಕೈಯಲ್ಲಿ ದುಡ್ಡು ಓಡಾಡಿತು. ಕೊಡಗು, ಹಾಸನ, ಚಿಕ್ಕಮಗಳೂರಿನ ಪೇಟೆಗಳಲ್ಲಿ ಹೊಸ ಮನೆ, ಹೊಸ ಜೀಪು ಕಂಡದ್ದು ಆ ವರ್ಷಗಳಲ್ಲಿ. ಮುಕ್ತ ಮಾರುಕಟ್ಟೆ ಅಂದರೆ ಇದೇ ಅಂತ ನಂಬಿಕೆ ಬಂತು.

ಅಷ್ಟರಲ್ಲಿ ವಿಯೆಟ್ನಾಂ ತನ್ನ ದಾರಿ ಬದಲಿಸಿತ್ತು. 1986ರಲ್ಲಿ ಅಲ್ಲಿನ ಸರ್ಕಾರ ‘ದೊಯ್ ಮೊಯ್’ ಸುಧಾರಣೆ ತಂದು ರೈತರಿಗೆ ಭೂಮಿಯ ಬಳಕೆ, ಮಾರಾಟದ ಹಕ್ಕು ಕೊಡುತ್ತಾ ಬಂತು. 1994ರಲ್ಲಿ ಅಮೆರಿಕ ತನ್ನ ವ್ಯಾಪಾರ ನಿರ್ಬಂಧ ತೆಗೆಯಿತು. ದಾಕ್ ಲಾಕ್ ಕಡೆಯ ಎತ್ತರದ ಕೆಂಪು ಮಣ್ಣಿನಲ್ಲಿ ರೊಬಸ್ಟಾ ಹಬ್ಬಿತು. ನೀರು, ಗೊಬ್ಬರ ಜಾಸ್ತಿ ಕೊಟ್ಟು, ನೆರಳಿಲ್ಲದ ಬಯಲಿನಲ್ಲಿ ಬೆಳೆದರು. ಎಕರೆಗೆ ಬರುವ ಇಳುವರಿ ನಮಗಿಂತ ಎಷ್ಟೋ ಹೆಚ್ಚು. 1990ರ ಸುಮಾರಿಗೆ ಒಂದು ಲಕ್ಷ ಟನ್ ಕೂಡ ಬೆಳೆಯದ ದೇಶ 2000ದ ಹೊತ್ತಿಗೆ ಎಂಟೊಂಬತ್ತು ಲಕ್ಷ ಟನ್ ಬೆಳೆದು ಬ್ರೆಜಿಲ್‌ನ ನಂತರದ ಸ್ಥಾನಕ್ಕೆ ಬಂತು.

2001ಕ್ಕೆ ಜಗತ್ತಿನ ಕಾಫಿ ಬೆಲೆ ನೆಲ ಕಚ್ಚಿತು. ಕೊಯ್ಲು ಮಾಡಿಸಿದ ಕೂಲಿಯೂ ಹುಟ್ಟದ ಸ್ಥಿತಿ. ನಮ್ಮ ತೋಟಗಳಲ್ಲಿ ಸಾಲ ಬೆಳೆಯಿತು, ಗೊಬ್ಬರ ನಿಂತಿತು, ಕಾರ್ಮಿಕರಿಗೆ ಕೆಲಸದ ದಿನ ಕಮ್ಮಿಯಾಯಿತು. ಇದೇ ಕಾಲದಲ್ಲಿ ಶ್ರೀಮಂತ ದೇಶಗಳ ಕೆಫೆಗಳಲ್ಲಿ ಕಾಫಿಯ ಬೆಲೆ ಇಳಿಯಲಿಲ್ಲ. ಅಂತರರಾಷ್ಟ್ರೀಯ ಕಾಫಿ ಸಂಸ್ಥೆ ಆಗ ಕೊಟ್ಟ ಲೆಕ್ಕ ಹೀಗಿತ್ತು: 1990ರ ದಶಕದ ಶುರುವಿನಲ್ಲಿ ಕಾಫಿಯ ಚಿಲ್ಲರೆ ವ್ಯಾಪಾರ ಸುಮಾರು 30 ಬಿಲಿಯನ್ ಡಾಲರ್, ಅದರಲ್ಲಿ ಬೆಳೆಯುವ ದೇಶಗಳಿಗೆ ಸಿಗುತ್ತಿದ್ದದ್ದು 10ರಿಂದ 12 ಬಿಲಿಯನ್. ಹತ್ತು ವರ್ಷ ಕಳೆದ ಮೇಲೆ ವ್ಯಾಪಾರ 70 ಬಿಲಿಯನ್ ದಾಟಿತು, ಬೆಳೆಯುವ ದೇಶಗಳ ಪಾಲು 5.5 ಬಿಲಿಯನ್‌ಗೆ ಇಳಿಯಿತು.

ಈ ಅಂಕಿಗಳನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ವ್ಯಾಪಾರ ಬೆಳೆದದ್ದು ನಿಜ. ಬೆಳೆದ ಭಾಗ ಹೋದದ್ದು ಹುರಿಯುವ, ಬೆರೆಸುವ, ಬ್ರಾಂಡ್ ಹಚ್ಚುವ ಕೆಲಸಕ್ಕೆ. ಬೆಳೆಗಾರರು ಲಕ್ಷಾಂತರ ಮಂದಿ, ಒಬ್ಬರ ಎದುರು ಒಬ್ಬರು. ಹುರಿಯುವ ದೊಡ್ಡ ಕಂಪನಿಗಳು ಬೆರಳೆಣಿಕೆಯಷ್ಟು. ಒಂದು ದೇಶದ ಕಾಫಿ ದುಬಾರಿಯಾದರೆ ಅವು ಮಿಶ್ರಣದಲ್ಲಿ ಇನ್ನೊಂದು ದೇಶದ್ದನ್ನು ಹಾಕಬಲ್ಲವು. ರೊಬಸ್ಟಾದ ಒರಟು ವಾಸನೆಯನ್ನು ಉಗಿಯಿಂದ ತೆಗೆಯುವ ತಂತ್ರ ಬಂದ ಮೇಲೆ ಅದು ಇನ್ನೂ ಸುಲಭವಾಯಿತು. ಹತ್ತಾರು ದೇಶಗಳಿಂದ ಕೊಂಡು ಎಲ್ಲಿ ಬೇಕಾದರೂ ಮಾರಬಲ್ಲ ಕಂಪನಿಗಳು ಜಾಗತೀಕರಣದ ಫಲ ಅಷ್ಟೇ ಅಲ್ಲ, ಅದನ್ನು ಮುಂದಕ್ಕೆ ತಳ್ಳುವ ಶಕ್ತಿಯೂ ಹೌದು. ಸುಂಕ ಇಳಿಸಿ, ನಿಯಮ ಸಡಿಲಿಸಿ ಅಂತ ಸರ್ಕಾರಗಳ ಮೇಲೆ ಒತ್ತಡ ತರುವವರೂ ಅವರೇ.

ಒಂದು ಕಬ್ಬಿಣದ ಪೆಟ್ಟಿಗೆ

ವಿಯೆಟ್ನಾಂ ಕಾಫಿಯಾಗಲಿ, ಚೀನಾದ ಆಟಿಕೆಯಾಗಲಿ ಇಷ್ಟು ಅಗ್ಗವಾಗಿ ತಲುಪಲು ಕಂಟೇನರ್ ಬೇಕಿತ್ತು. ಹಿಂದೆ ಹಮಾಲಿಗಳು ಚೀಲ, ಪೆಟ್ಟಿಗೆ, ಪೀಪಾಯಿಗಳನ್ನು ಒಂದೊಂದಾಗಿ ಹೊತ್ತು ಹಡಗು ತುಂಬಿಸುತ್ತಿದ್ದರು. ವಾರ ಹಿಡಿಯುತ್ತಿತ್ತು. ಕಳ್ಳತನ, ಒಡೆದುಹೋಗುವುದು, ಒದ್ದೆಯಾಗುವುದು ಬೇರೆ. 1956ರ ಏಪ್ರಿಲ್‌ನಲ್ಲಿ ಅಮೆರಿಕದ ಲಾರಿ ಮಾಲೀಕ ಮಾಲ್ಕಂ ಮೆಕ್ಲೀನ್ ‘ಐಡಿಯಲ್ ಎಕ್ಸ್’ ಅನ್ನುವ ಹಡಗಿನಲ್ಲಿ 58 ಲೋಹದ ಪೆಟ್ಟಿಗೆಗಳನ್ನು ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳಿಸಿದ. ಬಿಡಿ ಸರಕು ತುಂಬಲು ಟನ್ನಿಗೆ 5.86 ಡಾಲರ್ ಆಗುತ್ತಿತ್ತು. ಪೆಟ್ಟಿಗೆಯಲ್ಲಿ ಅದು 16 ಸೆಂಟ್‌ಗೂ ಕಮ್ಮಿಗೆ ಇಳಿಯಿತು ಅನ್ನುವುದು ಆಗಿನ ಲೆಕ್ಕ.

ಆದರೆ ಪೆಟ್ಟಿಗೆ ಕಂಡುಹಿಡಿದ ತಕ್ಷಣ ಜಗತ್ತು ಬದಲಾಗಲಿಲ್ಲ. ಪ್ರತಿ ಕಂಪನಿಯ ಪೆಟ್ಟಿಗೆ ಒಂದೊಂದು ಅಳತೆ. 1960ರ ದಶಕದ ಕೊನೆಗೆ 20 ಅಡಿ, 40 ಅಡಿ ಅಂತ ಅಂತರರಾಷ್ಟ್ರೀಯ ಅಳತೆ ನಿಗದಿಯಾಯಿತು, ಮೂಲೆಯ ಕೊಕ್ಕೆ ಹೇಗಿರಬೇಕು ಅನ್ನುವುದೂ ಸೇರಿ. ಅದಾದ ಮೇಲೆ ಯಾವ ದೇಶದ ಕ್ರೇನ್ ಯಾವ ದೇಶದ ಪೆಟ್ಟಿಗೆಯನ್ನಾದರೂ ಎತ್ತಬಹುದಾಯಿತು. ಇನ್ನೊಂದು ತಳ್ಳು ಬಂದದ್ದು ವಿಯೆಟ್ನಾಂ ಯುದ್ಧದಿಂದ. ಅಮೆರಿಕದ ಸೇನೆಗೆ ಸಾಮಾನು ಸಾಗಿಸಲು ಮೆಕ್ಲೀನ್‌ನ ಹಡಗುಗಳು ಕಾಮ್ ರಾನ್ ಬಂದರಿಗೆ ಹೋದವು. ವಾಪಸ್ ಬರುವಾಗ ಖಾಲಿ. ದಾರಿಯಲ್ಲಿ ಜಪಾನಿಗೆ ಹೋಗಿ ಅಲ್ಲಿನ ಸರಕು ತುಂಬಿಕೊಂಡವು. ಜಪಾನಿನ ಟಿವಿ, ರೇಡಿಯೊ ಅಮೆರಿಕದ ಅಂಗಡಿ ತುಂಬಲು ಅದೂ ಒಂದು ದಾರಿಯಾಯಿತು. ಹದಿನೈದು ವರ್ಷ ಬಿಟ್ಟು ನೋಡಿದರೆ ಅಮೆರಿಕದ ಹಲವು ಹಳೆಯ ಬಂದರುಗಳಲ್ಲಿ ಸಾವಿರಾರು ಹಮಾಲಿಗಳ ಕೆಲಸವೇ ಇರಲಿಲ್ಲ.

ಇವತ್ತು 20 ಅಡಿಯ ಒಂದು ಕಂಟೇನರ್‌ನಲ್ಲಿ 60 ಕಿಲೋದ 320 ಚೀಲ, ಅಂದರೆ 19 ಟನ್‌ಗಿಂತ ಸ್ವಲ್ಪ ಜಾಸ್ತಿ ಕಾಫಿ ಹೋಗುತ್ತದೆ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಿಪ್ಪೆ ತೆಗೆದು, ಗ್ರೇಡ್ ಮಾಡಿ, ತುಂಬಿ, ಸೀಲ್ ಹಾಕಿದರೆ ಇಟಲಿಯಲ್ಲೇ ತೆರೆಯುವುದು.

ಸಾಗಣೆ ಇಷ್ಟು ಅಗ್ಗವಾದ ಮೇಲೆ ವಸ್ತುವನ್ನು ಒಂದೇ ಕಡೆ ಮಾಡಬೇಕಾಗಿಲ್ಲ. ಕೋಲಾರದ ನರಸಾಪುರದಲ್ಲಿ ಜೋಡಿಸುವ ಐಫೋನ್‌ನ ಮುಖ್ಯ ಚಿಪ್ ತೈವಾನಿನ ಕಂಪನಿ ಮಾಡಿದ್ದು, ಉಳಿದ ಬಿಡಿಭಾಗಗಳು ಹಲವು ದೇಶದವು, ವಿನ್ಯಾಸ ಕ್ಯಾಲಿಫೋರ್ನಿಯಾದ್ದು.

ತಂತಿಯಲ್ಲಿ ಹೋಗುವ ಕೆಲಸ, ಗುಂಡಿ ಒತ್ತಿದರೆ ಹೋಗುವ ಹಣ

ಪೆಟ್ಟಿಗೆಯೂ ಬೇಡದ ವ್ಯಾಪಾರ ಒಂದಿದೆ, ಅದನ್ನು ಬೆಂಗಳೂರಿಗಿಂತ ಚೆನ್ನಾಗಿ ಬಲ್ಲ ಊರು ಕಮ್ಮಿ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಇಲ್ಲಿ ಚಿಪ್ ವಿನ್ಯಾಸದ ಕೇಂದ್ರ ತೆರೆದು, ಉಪಗ್ರಹದ ಮೂಲಕ ಹೊರದೇಶದ ಕಚೇರಿಗೆ ಸಂಪರ್ಕ ಇಟ್ಟುಕೊಂಡಿತು. 1991ರಲ್ಲಿ ಸರ್ಕಾರದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ ಸಂಸ್ಥೆ ಬಂತು. ಸ್ವಂತ ಉಪಗ್ರಹ ಸಂಪರ್ಕ ಪಡೆಯಲಾಗದ ಸಣ್ಣ ಕಂಪನಿಗಳಿಗೂ ಡೇಟಾ ಲೈನ್ ಸಿಕ್ಕಿತು. 2000ದ ಸುಮಾರಿಗೆ ಸಮುದ್ರ ತಳದಲ್ಲಿ ವಿಪರೀತ ಫೈಬರ್ ಕೇಬಲ್ ಹಾಕಿದ ಕಂಪನಿಗಳು ಡಾಟ್‌ಕಾಂ ಕುಸಿತದಲ್ಲಿ ಮುಳುಗಿದವು. ಕೇಬಲ್ ಮಾತ್ರ ಉಳಿಯಿತು, ಅಗ್ಗಕ್ಕೆ ಕೈ ಬದಲಾಯಿತು. ಬೇರೆಯವರ ನಷ್ಟದಿಂದ ಅಗ್ಗವಾದ ಆ ತಂತಿ ಬೆಂಗಳೂರಿನ ಕಾಲ್ ಸೆಂಟರ್, ಸಾಫ್ಟ್‌ವೇರ್ ಕಚೇರಿಗಳಿಗೆ ವರವಾಯಿತು. ಇಂಗ್ಲಿಷ್ ಬಲ್ಲ ಎಂಜಿನಿಯರ್‌ಗಳು, ಅಮೆರಿಕಕ್ಕೆ ರಾತ್ರಿಯಾದಾಗ ಇಲ್ಲಿ ಹಗಲು ಅನ್ನುವ ಅನುಕೂಲ, ದಶಕಗಳಿಂದ ಇಲ್ಲಿ ಬೇರೂರಿದ್ದ ಎಚ್‌ಎಎಲ್, ಬಿಇಎಲ್, ಐಐಎಸ್‌ಸಿ ಇವೂ ಸೇರಿಕೊಂಡವು.

ಹಣದ ಕಥೆ ಇನ್ನೂ ವೇಗದ್ದು. ಬ್ರೆಟನ್ ವುಡ್ಸ್ ಕಾಲದಲ್ಲಿ ದೇಶಗಳು ಬಂಡವಾಳ ಹೊರಹೋಗದಂತೆ ತಡೆಯಿಟ್ಟುಕೊಂಡಿದ್ದವು. 1971ರಲ್ಲಿ ಅಮೆರಿಕ ಡಾಲರನ್ನು ಚಿನ್ನದಿಂದ ಬಿಡಿಸಿತು, ಕರೆನ್ಸಿಗಳ ಬೆಲೆ ತೇಲತೊಡಗಿತು. 1979ರಲ್ಲಿ ಬ್ರಿಟನ್ ಹಣದ ಓಡಾಟದ ಮೇಲಿನ ನಿರ್ಬಂಧ ತೆಗೆಯಿತು. ಉಳಿದವರೂ ಅದೇ ದಾರಿ ಹಿಡಿದರು. ಭಾರತ 1992ರಲ್ಲಿ ವಿದೇಶಿ ಹೂಡಿಕೆ ಸಂಸ್ಥೆಗಳಿಗೆ ಷೇರುಪೇಟೆ ತೆರೆಯಿತು, ಆದರೆ ಬಾಗಿಲನ್ನು ಪೂರ್ತಿ ತೆಗೆಯಲಿಲ್ಲ. 1997ರಲ್ಲಿ ಥಾಯ್ಲೆಂಡ್‌ನಿಂದ ಶುರುವಾದ ಕುಸಿತ ಏಷ್ಯಾವನ್ನು ಸುತ್ತಿದಾಗ ನಮಗೆ ಅಷ್ಟಾಗಿ ತಾಗದಿರಲು ಆ ಎಚ್ಚರಿಕೆಯೂ ಒಂದು ಕಾರಣ. ಸರಕಿಗೆ ಬಾಗಿಲು ತೆರೆಯುವುದು ಬೇರೆ, ಹಣಕ್ಕೆ ತೆರೆಯುವುದು ಬೇರೆ. ಹಣ ಬಂದಷ್ಟೇ ಬೇಗ ವಾಪಸ್ ಹೋಗುತ್ತದೆ.

ಕರೆನ್ಸಿ ಕಾಫಿ ತೋಟಕ್ಕೂ ಬರುತ್ತದೆ. ಬ್ರೆಜಿಲ್‌ನ ಕರೆನ್ಸಿ ರಿಯಾಲ್ ಡಾಲರ್ ಎದುರು ಬಿದ್ದರೆ ಅಲ್ಲಿನ ಬೆಳೆಗಾರನಿಗೆ ಅದೇ ಡಾಲರ್‌ಗೆ ಜಾಸ್ತಿ ರಿಯಾಲ್ ಸಿಗುತ್ತದೆ. ಅವನು ಹೆಚ್ಚು ಮಾರುತ್ತಾನೆ, ಡಾಲರ್ ಲೆಕ್ಕದ ಬೆಲೆ ಇಳಿಯುತ್ತದೆ. ಚಿಕ್ಕಮಗಳೂರಿನಲ್ಲಿ ಯಾರೂ ಏನೂ ಮಾಡಿರುವುದಿಲ್ಲ, ರೇಟು ಮಾತ್ರ ಕೆಳಗೆ.

ಮತ್ತೆ ಬಿಗಿಯಾಗುತ್ತಿರುವ ಬಾಗಿಲು

2008ರ ನಂತರ ಜಗತ್ತಿನ ಉತ್ಪನ್ನದಲ್ಲಿ ವ್ಯಾಪಾರದ ಪಾಲು ಮೊದಲಿನ ಹಾಗೆ ಏರುತ್ತಾ ಹೋಗಲಿಲ್ಲ. ಆಮೇಲೆ ಒಂದರ ಹಿಂದೆ ಒಂದು ಹೊಡೆತ. ಕೋವಿಡ್ ಕಾಲದಲ್ಲಿ ಕಂಟೇನರ್ ಸಿಗದೆ ಬಾಡಿಗೆ ಹಲವು ಪಟ್ಟಾಯಿತು. 2021ರ ಮಾರ್ಚ್‌ನಲ್ಲಿ 400 ಮೀಟರ್ ಉದ್ದದ ‘ಎವರ್ ಗಿವನ್’ ಹಡಗು ಸೂಯೆಜ್‌ನಲ್ಲಿ ಅಡ್ಡ ಸಿಕ್ಕಿಕೊಂಡು ಆರು ದಿನ ದಾರಿ ಮುಚ್ಚಿತು. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ಯೆಮೆನ್‌ನ ಹೂತಿ ಬಂಡುಕೋರರ ದಾಳಿ ಶುರುವಾಯಿತು. ಹಡಗುಗಳು ಮತ್ತೆ ಆಫ್ರಿಕಾದ ತುದಿ ಸುತ್ತತೊಡಗಿದವು. ನಮ್ಮ ಕಾಫಿಯ ದೊಡ್ಡ ಪಾಲು ಹೋಗುವುದು ಇಟಲಿ, ಜರ್ಮನಿ, ಬೆಲ್ಜಿಯಂ ಕಡೆಗೆ. ಹಾಗಾಗಿ ದಾರಿ ಎರಡು ವಾರದಷ್ಟು ಉದ್ದವಾದದ್ದು ನಮ್ಮ ರಫ್ತುದಾರರಿಗೆ ನೇರ ತಟ್ಟಿತು.

ಅದೇ ಹೊತ್ತಿಗೆ ವಿಯೆಟ್ನಾಂನಲ್ಲಿ ಬರ ಬಿತ್ತು, ಬ್ರೆಜಿಲ್‌ನಲ್ಲೂ ಮಳೆ ಕೈಕೊಟ್ಟಿತು. 2024ರಲ್ಲಿ ರೊಬಸ್ಟಾ ಹಿಂದೆಂದೂ ಕಾಣದ ಬೆಲೆ ಕಂಡಿತು. 2025ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್‌ನಲ್ಲಿ ಅರೇಬಿಕಾ ಪೌಂಡಿಗೆ 4 ಡಾಲರ್ ದಾಟಿತು. ಆ ವರ್ಷದ ಆಗಸ್ಟ್‌ನಲ್ಲಿ ಅಮೆರಿಕ ಬ್ರೆಜಿಲ್‌ನ ಸರಕಿನ ಮೇಲೆ ಶೇ 50 ಸುಂಕ ಹಾಕಿತು, ಕಾಫಿಗೂ ಬಿಡಲಿಲ್ಲ. ತನ್ನ ನೆಲದಲ್ಲಿ ಕಾಫಿ ಹೆಚ್ಚುಕಮ್ಮಿ ಬೆಳೆಯದ ದೇಶ ಕಾಫಿಗೆ ಸುಂಕ ಹಾಕಿದರೆ ಕೊನೆಗೆ ದುಡ್ಡು ಕೊಡುವವರು ಅಲ್ಲಿನ ಜನವೇ. ನವೆಂಬರ್‌ನಲ್ಲಿ ಕಾಫಿಗೆ ವಿನಾಯಿತಿ ಕೊಟ್ಟರು.

ಸುಂಕದ ಜತೆಗೆ ಈಗ ಕಾಗದಪತ್ರದ ನಿಯಮಗಳೂ ಅಷ್ಟೇ ತೂಕದವು. ತೋಟದ ಸಿಲ್ವರ್ ಓಕ್ ಮರಕ್ಕೆ ಹಬ್ಬುವ ಕಾಳುಮೆಣಸನ್ನೇ ನೋಡಿ. ವಿಯೆಟ್ನಾಂ ಮೆಣಸು ನೇರವಾಗಿ ಭಾರತಕ್ಕೆ ಬಂದರೆ ಸುಂಕ ಶೇ 50ರ ಆಸುಪಾಸು. ಶ್ರೀಲಂಕಾದ ಮೆಣಸಿಗೆ ಮುಕ್ತ ವ್ಯಾಪಾರ ಒಪ್ಪಂದದಿಂದಾಗಿ ಸುಂಕ ಇಲ್ಲ ಅಥವಾ ತೀರಾ ಕಮ್ಮಿ. ವಿಯೆಟ್ನಾಂ ಮೆಣಸು ಶ್ರೀಲಂಕಾದ ಹೆಸರಿನಲ್ಲಿ ಬರುತ್ತಿದೆ ಅಂತ ಕೊಡಗಿನ ಬೆಳೆಗಾರರು ವರ್ಷಗಟ್ಟಲೆ ದೂರಿದರು. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಕಿಲೋಗೆ 500 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ಸರಕು ಯಾವ ದೇಶದ್ದು ಅಂತ ಹೇಳುವ ಒಂದು ಪ್ರಮಾಣಪತ್ರದ ಮೇಲೆ ಸಾವಿರಾರು ಕುಟುಂಬಗಳ ವರಮಾನ ನಿಂತಿತ್ತು.

ಈಗ ಮುಂದೆ ನಿಂತಿರುವುದು ಯುರೋಪಿನ ಅರಣ್ಯನಾಶ ತಡೆ ನಿಯಮ. 2023ರಲ್ಲಿ ಜಾರಿಗೆ ಬಂದ ಈ ಕಾನೂನಿನ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಯುರೋಪಿನಲ್ಲಿ ಮಾರುವಂತಿಲ್ಲ. ಕಾಫಿ ಯಾವ ತೋಟದ್ದು ಅನ್ನುವುದನ್ನು ನಕ್ಷೆಯ ಮೇಲೆ ಅಕ್ಷಾಂಶ, ರೇಖಾಂಶದ ಸಮೇತ ತೋರಿಸಬೇಕು. ಪಾಲನೆಯ ಗಡುವು ಒಂದಕ್ಕಿಂತ ಹೆಚ್ಚು ಸಲ ಮುಂದಕ್ಕೆ ಹೋಗಿದೆ. ಉದ್ದೇಶಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಕಾಡು ಉಳಿಯಬೇಕು. ನಮ್ಮ ತೋಟಗಳಂತೂ ಮರದ ನೆರಳಿನಲ್ಲೇ ಇರುವವು, ಆ ಪರೀಕ್ಷೆಯಲ್ಲಿ ಗೆಲ್ಲಲು ಬೇರೆ ದೇಶಗಳಿಗಿಂತ ನಮಗೆ ಸುಲಭ. ತೊಡಕು ಇರುವುದು ದಾಖಲೆಯಲ್ಲಿ. ನೂರಾರು ಎಕರೆಯ ಎಸ್ಟೇಟಿಗೆ ಈ ಕೆಲಸ ಮಾಡಲು ಸಿಬ್ಬಂದಿ ಇದ್ದಾರೆ. ಭಾರತದ ಕಾಫಿ ಬೆಳೆಗಾರರಲ್ಲಿ ಬಹುಪಾಲು ಜನ ಸಣ್ಣ ಹಿಡುವಳಿಯವರು. ಅಣ್ಣ ತಮ್ಮಂದಿರ ನಡುವೆ ಪಾಲಾಗಿ ಇನ್ನೂ ಪೋಡಿ ಆಗದ ಜಮೀನು, ಅಜ್ಜನ ಹೆಸರಿನಲ್ಲೇ ಉಳಿದ ಆರ್‌ಟಿಸಿ, ಕೊಡಗಿನ ಜಮ್ಮಾ ಬಾಣೆ ಜಮೀನಿನ ಒಡೆತನದ ಹಳೆಯ ಗೊಂದಲ ಇವೆಲ್ಲ ಇರುವ ಕಡೆ ‘ನಿಮ್ಮ ತೋಟದ ಗಡಿ ತೋರಿಸಿ’ ಅಂದರೆ ತಹಶೀಲ್ದಾರ್ ಕಚೇರಿಗೆ ಅಲೆಯುವುದು ಶುರು. ಕಾಫಿ ಬೋರ್ಡ್ ತೋಟಗಳ ಜಿಯೋ ಮಾಹಿತಿ ಸೇರಿಸಿಕೊಳ್ಳುವ ಮೊಬೈಲ್ ಆ್ಯಪ್ ತಂದಿದೆ. ಬೆಳೆಗಾರರು ಅದರಲ್ಲಿ ತಮ್ಮ ತೋಟವನ್ನು ನೋಂದಾಯಿಸಿಕೊಳ್ಳಬೇಕು. ಸಣ್ಣ ಹಿಡುವಳಿಯ ಕಾಫಿಯನ್ನು ಊರೂರಿನ ವ್ಯಾಪಾರಿಗಳು ಚೀಲ ಚೀಲವಾಗಿ ಕೊಂಡು ಒಟ್ಟಿಗೆ ಸೇರಿಸುತ್ತಾರೆ. ಯಾವ ಚೀಲ ಯಾವ ತೋಟದ್ದು ಅನ್ನುವ ಲೆಕ್ಕ ಆ ಹಂತದಲ್ಲೇ ತಪ್ಪದಂತೆ ನೋಡಿಕೊಳ್ಳುವುದು ಈಗ ಎಲ್ಲಕ್ಕಿಂತ ಕಷ್ಟದ ಕೆಲಸ.